ನೀರು ಹಂಚಿದ ಸಾಹೇಬರೇ ವಿಚಾರಣೆಗೆ ಕೂತ ಬಗ್ಗೆ

ಇಂದ:
ಜಗದೇವಿ, ಗೌಂಡಿ ಕೈಕೆಳಗಿನ ಕೂಲಿ,
ಸಾತಪುರದ ಹಿಂದಿನ ಕೂಲಿಗಾರರ ಓಣಿ, ನಾಸಿಕ.

ಗೆ:
ಅಭಿಜಿತ್ ಸಾಹೇಬರಿಗಿಂತ ಮೇಲೆ ಯಾರಿದ್ದಾರೋ ಆ ಸಾಹೇಬರು,
ಛತ್ರಪತಿ ಸಂಭಾಜಿನಗರ.

ವಿಷಯ: ಆರೋಪ ಹೊತ್ತವರೇ ತಮ್ಮ ಮೇಲಿನ ದೂರನ್ನು ವಿಚಾರಿಸುತ್ತಿರುವ ಬಗ್ಗೆ.
ಉಲ್ಲೇಖ: ಅರ್ಜಿದಾರಳ ಹಿಂದಿನ ದೂರು. ಸದ್ಯ ಸದರಿ ಸಾಹೇಬರ ಟೇಬಲ್ ಮೇಲಿದೆ.

ಮಾನ್ಯರೇ,

1. ಕಲಬುರಗಿ ಕಡೆಯಿಂದ ದುಡಿಯಲು ಬಂದ ಸದರಿ ಜಗದೇವಿಯ ಓಣಿಗೆ ನಳ ಇಲ್ಲ. ಆದ ಕಾರಣ ಸರಕಾರಿ ಟ್ಯಾಂಕರ್ ಬರತಕ್ಕದ್ದಾಗಿತ್ತು. ಬರಲಿಲ್ಲ. ಆಕೆಯ ಮಗಳು ಮೃದುಲಾ ನಾಲೆಯ ನೀರು ಕುಡಿದು ದವಾಖಾನೆ ಸೇರಿದಳು.

2. ಮುಂದೆ ಒಂದು ದಿನ, ಜಗದೇವಿ ಸಿಮೆಂಟ್ ಕಲಸುತ್ತಿದ್ದ ಕಟ್ಟಡದ ಮುಂದೆಯೇ ಆ ಟ್ಯಾಂಕರ್ ಬಂದು ನಿಂತಿತು. ಅದರ ಮೈಮೇಲೆ ಆಕೆಯ ಓಣಿಯ ಹೆಸರಿತ್ತು. ಮಗಳು ಕುಡಿಯಬೇಕಾದ ನೀರಿನಲ್ಲಿ ತಾನು ಸಿಮೆಂಟ್ ಕಲಸುತ್ತಿರುವುದು ತಿಳಿದ ಕಾರಣ ಆಕೆಯ ಕೈ ನಿಂತುಹೋಯಿತು.

“ತಮ್ಮಾ, ಇದು ನಮ್ಮ ಓಣಿ ನೀರು ಅದ.”

ಡ್ರೈವರ್ ಬೀದರದವನು. “ನಾ ಏನ್ ಮಾಡ್ಲಿ ಅಕ್ಕಾ? ಅಭಿಜಿತ್ ಸಾಹೇಬ್ರು ಇಲ್ಲೇ ಖಾಲಿ ಮಾಡು ಅಂದಾರ.”

ಆದ್ದರಿಂದ ಜಗದೇವಿ ಮತ್ತು ಸುದ್ದಿ ತಿಳಿದು ಬಂದ ಆಕೆಯ ಅತ್ತೆ ಗುಂಡವ್ವ ಟ್ಯಾಂಕರಿಗೆ ಅಡ್ಡ ಕುಳಿತರು. ಓಣಿಯ ಹೆಂಗಸರು ಓಡಿಬಂದು ಕೊಡ ತುಂಬಿಕೊಂಡರು. ಸಂಜೆಯೊಳಗೆ ಜಗದೇವಿಯ ಕೆಲಸ ಹೋಯಿತು, ಸರಕಾರಿ ನೀರು ಕದ್ದ ಆರೋಪ ಬಂತು.

3. ಆಕೆ ದೂರು ಕೊಟ್ಟಳು. ಕ್ರಮ ಶೀಘ್ರವಾಗಿಯೇ ಜರುಗಿತು. ನೀರು ಹಂಚುತ್ತಿದ್ದ ಅಭಿಜಿತ್ ಸಾಹೇಬರು ಬಡ್ತಿ ಪಡೆದು, ಸಂಭಾಜಿನಗರದಲ್ಲಿ ದೂರು ವಿಚಾರಿಸುವ ಅಧಿಕಾರಿಯಾದರು. ದೂರೂ ಅವರ ಹಿಂದೆಯೇ ಹೋಯಿತು.

4. ಅತ್ತೆ ಸೊಸೆ ಬಸ್ಸು ಹಿಡಿದು ವಿಚಾರಣೆಗೆ ಹಾಜರಾದರು. ಸಾಹೇಬರು ಗಡಿಯ ಉದಗೀರ ಕಡೆಯವರಾದ್ದರಿಂದ ಕನ್ನಡದಲ್ಲೇ, ಬಹಳ ಮರ್ಯಾದೆಯಿಂದ ಕೇಳಿದರು:

“ನೀರು ಅಲ್ಲಿ ಇಳಿಸಿದ್ದು ಯಾರು ನೋಡ್ಯಾರ ತಾಯಿ?”

“ನಾನೇ ನೋಡೀನ್ರಿ.”

“ನೀವು ಆರೋಪಿ ಇದ್ದೀರಿ. ನಿಮ್ಮ ಸಾಕ್ಷಿ ನಡೆಯಂಗಿಲ್ಲ.”

ಗುಂಡವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. “ಹಂಗಾದ್ರ ಆರೋಪಿ ನನ್ನ ಮಾಡ್ರಿ ಸಾಹೇಬ್ರ. ಅಕಿ ಸಾಕ್ಷಿ ಹೇಳ್ತಾಳ.”

ಇದಕ್ಕೆ ನಿಯಮ ಸಿಗದ ಕಾರಣ ವಿಚಾರಣೆಯನ್ನು ಮುಂದೂಡಲಾಯಿತು. ಅತ್ತೆ ಸೊಸೆ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಹೊಟ್ಟೆ ತುಂಬ ನಕ್ಕರು. ನಕ್ಕು ಮುಗಿದ ಮೇಲೆ ಜಗದೇವಿಗೆ ಅಳು ಬಂದದ್ದನ್ನು ಕಡತಕ್ಕೆ ಸೇರಿಸುವ ಅಗತ್ಯವಿಲ್ಲ.

ಆದ್ದರಿಂದ ಮುಂದಿನ ವಿಚಾರಣೆಯನ್ನು ಬೇರೆ ಅಧಿಕಾರಿಯಿಂದ, ಓಣಿಯಲ್ಲಿಯೇ ನಡೆಸಬೇಕಾಗಿ ವಿನಂತಿ.

ಈಗಲೂ ತಮ್ಮ ವಿಶ್ವಾಸಿ,
ಜಗದೇವಿ

ಲಗತ್ತು: ಇದರ ಮರಾಠಿ ಪ್ರತಿ, ಮೃದುಲಾ ಬರೆದದ್ದು. ಅದರಲ್ಲಿ ಸಿಟ್ಟು ಹೆಚ್ಚಾಗಿದ್ದರೆ ಅದು ಆಕೆಯ ಸ್ವಂತದ್ದು.

ವಿಶೇಷ ಸೂಚನೆ: ಬಂದವರ ಕೈಗೆ ಮೊದಲು ಒಂದು ತಂಬಿಗೆ ನೀರು ಕೊಡುವುದು ಓಣಿಯ ಪದ್ಧತಿ. ಸದ್ಯ ಅದು ಸಾಧ್ಯವಿಲ್ಲದ ಕಾರಣ, ವಿಚಾರಣೆಗೆ ಬರುವ ಸಾಹೇಬರು ಕುಡಿಯುವ ನೀರನ್ನು ದಯಮಾಡಿ ತಾವೇ ತರತಕ್ಕದ್ದು.