ಟೀ ಪೆಟ್ಟಿಗೆಯ ಬೀರು

ಊಟಿಯಲ್ಲಿ ಸಂಸಾರ ಮಾಡುವವನಿಗೆ ನಿಜವಾದ ಶತ್ರು ಹೆಂಡತಿಯಲ್ಲ, ಬೂಷ್ಟು. (ಈ ವಾಕ್ಯವನ್ನು ನನ್ನ ಹೆಂಡತಿ ಸುಧಾ ಓದಿ ಒಪ್ಪಿಗೆ ಕೊಟ್ಟಿದ್ದಾಳೆ.) ಮಳೆ ಹಿಡಿಯಿತೆಂದರೆ ಇಲ್ಲಿ ಬೆಲ್ಟು, ಚಪ್ಪಲಿ, ಮದುವೆಯ ಸೂಟು, ಕೊನೆಗೆ ಗೋಡೆಯ ಮೇಲಿನ ನಮ್ಮಪ್ಪನ ಫೋಟೊ ಕೂಡ ಬೆಳ್ಳಗೆ ಗಡ್ಡ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಬಹಳ ಮನೆಗಳಲ್ಲಿ ಬಟ್ಟೆಯ ಬೀರುವಿನೊಳಗೆ ಒಂದು ಬಲ್ಬು ಉರಿಯುತ್ತಲೇ ಇರುತ್ತದೆ. ಲೋವರ್ ಬಜಾರಿನಲ್ಲಿ ನನ್ನದೊಂದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇದೆ. ಆ ಬಲ್ಬು ಮಾರಿಯೇ ನಾವು ಅನ್ನ ಉಣ್ಣುವುದು. ಹಾಗಾಗಿ ನಾನು ಒಂದು ಬೀರು ಮಾಡಿ ಅದರೊಳಗೆ ದೀಪ ಹಾಕಿದರೆ ಇಡೀ ನೀಲಗಿರಿಯಲ್ಲಿ ಯಾರಿಗೂ ಅನುಮಾನ ಬರಬಾರದು ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಆ ಲೆಕ್ಕಾಚಾರ ಏನಾಯಿತೆಂದು ಹೇಳುತ್ತೇನೆ. ನಗು ಬಂದರೆ ನಗಿ. ನನಗೂ ಆಗಾಗ ಬರುತ್ತದೆ, ಆಮೇಲೆ ಊಟ ಸೇರುವುದಿಲ್ಲ.

ನಮ್ಮವ್ವ ಲಿಂಗಾಜಮ್ಮನಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಆಗಿತ್ತು. ಡಾಕ್ಟರು ನೋಡಿ, ಮನೆಗೆ ಕರೆದುಕೊಂಡು ಹೋಗಿ ಇಷ್ಟವಾದದ್ದು ತಿನ್ನಿಸಿ ಎಂದರು. ತಿನ್ನಲಾಗದಿರುವುದೇ ಕಾಯಿಲೆಯಾದವಳಿಗೆ ಇಷ್ಟವಾದದ್ದು ತಿನ್ನಿಸಿ ಎನ್ನುವುದು ಯಾವ ಸೀಮೆಯ ವೈದ್ಯವೋ ನನಗೆ ಗೊತ್ತಿಲ್ಲ. ನೋವಿಗೆಂದು ಕೊಟ್ಟ ಮಾತ್ರೆ ನುಂಗಿದರೆ ವಾಂತಿ, ನುಂಗದಿದ್ದರೆ ನೋವು. ಅವ್ವ ಗುಂಡ್ಲುಪೇಟೆ ಕಡೆಯವಳು, ಅಳುವ ಪೈಕಿಯಲ್ಲ. ನೋವು ಬಂದಾಗ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಮುಖ ಮಾಡುತ್ತಿದ್ದಳು. ಅದನ್ನು ನೋಡುವ ಬದಲು ಅವಳು ಕಿರುಚಿಕೊಂಡಿದ್ದರೂ ವಾಸಿಯಿತ್ತು.

ಆದರೆ ಅವಳ ಚಿಂತೆಯೇ ಬೇರೆ. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿಕೊಂಡು ಹೋಗುವುದಿಲ್ಲ. ಬಿದಿರಿನಲ್ಲಿ ಒಂದು ಪುಟ್ಟ ಮಂಟಪ ಕಟ್ಟಿ, ಹೂವಿನಿಂದ ಸಿಂಗರಿಸಿ, ಅದರೊಳಗೆ ಕೂರಿಸಿಕೊಂಡು ಹೋಗಿ, ಕೂತಂತೆಯೇ ಮಣ್ಣು ಮಾಡುತ್ತೇವೆ. ಆ ಮಂಟಪಕ್ಕೆ ವಿಮಾನ ಎನ್ನುತ್ತಾರೆ. ಊರ ಕಡೆಯಾದರೆ ವಿಮಾನ ಕಟ್ಟುವವರು ಕರೆಯುವ ಮೊದಲೇ ಬಂದು ಬಿದಿರು ಸೀಳಲು ಕೂರುತ್ತಾರೆ. ಊಟಿಯಲ್ಲಿ ಯಾರಿದ್ದಾರೆ? ನಮ್ಮಪ್ಪ ಹೋದಾಗ ಬಿಡದ ಮಳೆ. ಕಟ್ಟುವವರು ಸಿಗದೆ ಸ್ಟ್ರೆಚರಿನಲ್ಲಿ ಮಲಗಿಸಿ ವ್ಯಾನಿನಲ್ಲಿ ಸಾಗಿಸಿದ್ದೆವು. ಅವ್ವ ಅದನ್ನು ಮರೆತಿರಲಿಲ್ಲ.

“ನನ್ನೂ ನಿಮ್ಮಪ್ಪನಂಗೆ ಕೋಸಿನ ಮೂಟೆ ಮಾಡ್ಕೊಂಡು ಹೋಗ್ಬ್ಯಾಡ ಕನಪ್ಪ,” ಎನ್ನುತ್ತಿದ್ದಳು.

ಅವಳು ಆ ಮಾತೆತ್ತಿದಾಗಲೆಲ್ಲ ನಾನು ಬಲ್ಬಿನ ರೇಟು ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಬದುಕಿರುವ ತಾಯಿಯ ಎದುರು ಕೂತು ವಿಮಾನದ ಮಾತಾಡುವ ಎದೆಗಾರಿಕೆ ನನಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಅವಳ ನೋವು ಇಳಿಯುವುದು, ಅಷ್ಟೇ.

ಇಂಥ ಹೊತ್ತಿನಲ್ಲಿ ಪ್ರವೀಣ್‌ಕುಮಾರ್ ಜ್ಞಾನಜ್ಯೋತಿ ಹಿಡಿದು ಅಂಗಡಿಗೆ ಬಂದ. ಇತ್ತಲಾರಿನವನು, ಒಂದಷ್ಟು ಟೀ ತೋಟ ಇಟ್ಟುಕೊಂಡಿರುವ ಬಡಗರ ಪೈಕಿ, ನನ್ನ ಗೆಳೆಯ. ತೋಟದಲ್ಲಿ ಕೆಲಸವಿಲ್ಲದಾಗ ಮೊಬೈಲಿನಲ್ಲಿ ವೈದ್ಯಕೀಯ ಓದುತ್ತಾನೆ. ಇಂಥ ನೋವಿಗೆ ವಿದೇಶದಲ್ಲಿ ಡಾಕ್ಟರೇ ಒಂದು ಸೊಪ್ಪಿನ ಎಣ್ಣೆ ಬರೆದುಕೊಡುತ್ತಾರಂತೆ, ಒಂದು ತೊಟ್ಟು ನಾಲಗೆಗೆ ಬಿಟ್ಟರೆ ರೋಗಿ ಎದ್ದು ಕೂತು ಅನ್ನ ಕೇಳುತ್ತಾನಂತೆ ಎಂದ. ಯಾವ ಸೊಪ್ಪು ಎಂದು ಕೇಳಿದೆ. ಅವನು ಬಾಗಿಲ ಕಡೆ ನೋಡಿ, ಹೆಸರು ಹೇಳದೆ, ಎರಡು ಬೆರಳು ತುಟಿಗಿಟ್ಟು ಸೇದಿ ತೋರಿಸಿದ.

ಗಾಂಜಾ ಎಂಬುದನ್ನು ನಾನು ಪೇಪರಿನಲ್ಲಿ, ಅದೂ ಮುಖ ಮುಚ್ಚಿಕೊಂಡವರ ಫೋಟೊದ ಕೆಳಗೆ ಓದಿದ್ದೆ, ಅಷ್ಟೇ. ನಾನು ಬೀಡಿ ಮುಟ್ಟಿದವನಲ್ಲ, ಕರೆಂಟು ಕದ್ದವನಲ್ಲ. (ನಮ್ಮ ಕಸುಬಿನಲ್ಲಿ ಎರಡನೆಯದು ದೊಡ್ಡ ಮಾತು.) ಆಗುವುದಿಲ್ಲ ಎಂದು ಅವನನ್ನು ಬೈದು ಕಳಿಸಿದೆ. ಮನೆಗೆ ಬಂದೆ. ಅವ್ವನ ಬಾಯಲ್ಲಿ ಸೆರಗಿತ್ತು. ವಾಪಸು ಹೋಗಿ ಅವನಿಗೆ ಫೋನು ಮಾಡಿದೆ. ಬೀಜ ಎಲ್ಲಿಂದ ಬಂತು ಎಂದು ದಯವಿಟ್ಟು ಕೇಳಬೇಡಿ, ನಾನೂ ಕೇಳಲಿಲ್ಲ.

ಬಯಲಲ್ಲಿ ಬೆಳೆದರೆ ಊರೇ ನೋಡುತ್ತದೆ, ಚಳಿ ಬೇರೆ. ಅದಕ್ಕೇ ಬೀರು. ಈಗ ಟೀ ಪುಡಿಯನ್ನು ಕಾಗದದ ಚೀಲಕ್ಕೆ ತುಂಬುತ್ತಾರೆ. ಮೊದಲು ಒಳಗೆಲ್ಲ ಬೆಳ್ಳಿಯಂತೆ ಹೊಳೆಯುವ ಹಾಳೆ ಅಂಟಿಸಿದ ಪ್ಲೈವುಡ್ ಪೆಟ್ಟಿಗೆಗಳಿಗೆ ತುಂಬುತ್ತಿದ್ದರು. ಮುಚ್ಚಿಹೋದ ಒಂದು ಫ್ಯಾಕ್ಟರಿಯಿಂದ ಅಂಥ ಪೆಟ್ಟಿಗೆಗಳನ್ನು ತಂದು, ಬಿಚ್ಚಿ, ಹೊಳೆಯುವ ಮೈ ಒಳಗೆ ಬರುವಂತೆ ಜೋಡಿಸಿದೆ. ಅಂಗಡಿಯಿಂದ ದೀಪ ತಂದೆ, ಗಾಳಿಗೆ ಒಂದು ಸಣ್ಣ ಫ್ಯಾನು ತಂದೆ. ನಮ್ಮ ಮನೆಯಲ್ಲಿ ನೀರು ಜಿನುಗದ ಗೋಡೆ ಇರುವುದು ಅವ್ವನ ಕೋಣೆಯಲ್ಲಿ ಮಾತ್ರ, ಅದೂ ಕಿಟಕಿಯ ಕೆಳಗೆ. ಹಾಗಾಗಿ ಬೀರು ಕಿಟಕಿಯ ಎತ್ತರಕ್ಕೆ ನಿಂತಿತು. ಮನುಷ್ಯ ನಿಂತರೆ ಸಾಲದು, ಕೂತರೆ ಸರಿಹೋಗುತ್ತದೆ, ಅಷ್ಟೆತ್ತರ. ಆಗ ನನಗೆ ಹಾಗೆ ಹೊಳೆಯಲಿಲ್ಲ.

ನಾನು ಮೊಳೆ ಹೊಡೆಯುವುದನ್ನು ಅವ್ವ ಹಾಸಿಗೆಯಿಂದಲೇ ನೋಡುತ್ತಿದ್ದಳು.

“ಇದು ಯಾರ್ಗಪ್ಪ, ನಂಜುಂಡ?”

“ನಿಂಗೇ ಅವ್ವ. ನಿನ್ನ ಸಂಕಟ ನೋಡಕ್ಕಾಗ್ತಿಲ್ಲ, ಅದಕ್ಕೇ. ಯಾರ್ಗೂ ಹೇಳ್ಬೇಡ.”

ಅವ್ವ ಪೆಟ್ಟಿಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಆಗ್ಲಿ ಕನಪ್ಪ. ಚೆಂದಾಗಿ ಮಾಡು,” ಎಂದು ಗೋಡೆಗೆ ತಿರುಗಿಕೊಂಡಳು. ಸಿಟ್ಟಾಯಿತೇನೋ ಎಂದುಕೊಂಡೆ.

ಪೊಲೀಸರು ಕಿತ್ತೆಸೆದ ಕಡೆಯೂ ಚಿಗುರುತ್ತದೆಂದು ಹೆಸರಾದ ಆ ಗಿಡ ನನ್ನ ಬೀರುವಿನಲ್ಲಿ ಮಾತ್ರ ಬೀಗರಂತೆ ಮುನಿಸಿಕೊಂಡು ಕೂತಿತು. ಬೆಳಗ್ಗೆ ಎದ್ದು ಲಿಂಗಪೂಜೆಗೂ ಮೊದಲು ಅದರ ಮುಂದೆ ಕೈಕಟ್ಟಿ ನಿಂತು, ಬೇಗ ಬೆಳಿ ತಾಯಿ ಎಂದು ಬೇಡುತ್ತಿದ್ದೆ. ಅವ್ವ ದಿನಾ ಕೇಳುತ್ತಿದ್ದಳು, ಇನ್ನೆಷ್ಟು ದಿನ ಹಿಡಿಯುತ್ತದೆ ಎಂದು. ಸ್ವಲ್ಪ ತಡ್ಕೋ ಅವ್ವ ಎನ್ನುತ್ತಿದ್ದೆ. ತಡ್ಕೋತೀನಿ ಬುಡು, ನೀನು ಅವಸರ ಮಾಡ್ಬ್ಯಾಡ ಎನ್ನುತ್ತಿದ್ದಳು. ಅವಳು ನಿಜವಾಗಿಯೂ ತಡೆದುಕೊಂಡಳು. ಈ ವಾರ ದಾಟುವುದಿಲ್ಲ ಎಂದು ಡಾಕ್ಟರು ಹೇಳಿದ ವಾರವೂ ದಾಟಿತು, ಅದರಾಚೆಯದೂ ದಾಟಿತು. ಒಳ್ಳೆ ಔಷಧ ಬರುತ್ತದೆಂಬ ಭರವಸೆಯೇ ಅವಳನ್ನು ಹಿಡಿದು ನಿಲ್ಲಿಸಿದೆ ಎಂದು ನಾನು ಪ್ರವೀಣ್‌ಕುಮಾರನ ಮುಂದೆ ಎದೆಯುಬ್ಬಿಸಿ ಹೇಳಿದೆ.

ಸುಧಾಳಿಂದ ಎಷ್ಟು ದಿನ ಮುಚ್ಚಿಡುವುದು? ಒಂದು ದಿನ ನಾನು ಸ್ನಾನಕ್ಕೆ ಹೋದಾಗ ನನ್ನ ಜೇಬಿನ ಬೀಗದ ಕೈ ತೆಗೆದು ನೋಡಿಯೇಬಿಟ್ಟಳು.

“ರೀ, ಅದರೊಳಗಿರೋ ಗಿಡ ಏನ್ರೀ?”

“ಚೆಂಡುಹೂವು,” ಎಂದೆ. (ಎಲೆ ನೋಡಿದರೆ ಹೌದೆನ್ನಿಸುವಂತೆಯೇ ಇತ್ತು.)

“ಚೆಂಡುಹೂವಿಗೆ ಬೀಗ ಯಾಕೆ?”

“ಚಳಿಗೆ.”

“ಬೀಗ ಹಾಕಿದ್ರೆ ಚಳಿ ಆಗಲ್ವಾ?”

ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಮದುವೆಯಾದಂದಿನಿಂದ ಒಂದು ವಾದವನ್ನೂ ಅರ್ಧಕ್ಕೆ ಬಿಡದವಳು ಅವಳು. ಆದರೆ ಅವತ್ತು ಅವ್ವನ ಕೋಣೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಕಣ್ಣೊರೆಸಿಕೊಂಡು ಒಲೆಯ ಮುಂದೆ ಹೋದಳು. ಆ ರಾತ್ರಿ ಊಟಕ್ಕೆ ನನಗೆ ತುಪ್ಪವನ್ನೂ ಬಡಿಸಿದಳು. ಸುಳ್ಳು ಹೇಳುವುದರಲ್ಲಿ ನಾನು ಇಷ್ಟು ಪಳಗಿರುವುದು ನನಗೇ ಗೊತ್ತಿರಲಿಲ್ಲ.

ಬೀರುವಿನ ಕಾವಿನಿಂದ ನಮ್ಮ ಬೀದಿಗೆಲ್ಲ ಅವ್ವನ ಕೋಣೆಯೇ ಬೆಚ್ಚಗಿನ ಜಾಗವಾಗಿತ್ತು. ಪಕ್ಕದ ಮನೆಯ ಕಲೈಸೆಲ್ವಿ ದಿನಾ ಬಂದು ಅವ್ವನ ಕಾಲೊತ್ತುತ್ತ ಕೂರುತ್ತಿದ್ದಳು. ಒಳ್ಳೆ ಹುಡುಗಿ. ಒಂದೇ ಕೊರತೆಯೆಂದರೆ ಪೊಲೀಸ್ ಕಾನ್‌ಸ್ಟೆಬಲ್. ಮಳೆಗೆ ಅವಳ ಖಾಕಿ ಒಣಗುವುದಿಲ್ಲವೆಂದು ಸುಧಾ ಉಪಕಾರ ಮಾಡಿದಳು. ಬೀರುವಿನ ಮೇಲೆ, ನನ್ನ ಫ್ಯಾನು ಗಾಳಿ ಹೊರಹಾಕುವ ಜಾಗಕ್ಕೆ ಸರಿಯಾಗಿ, ಹಗ್ಗ ಕಟ್ಟಿ ಯೂನಿಫಾರಂ ತೂಗುಹಾಕಿದಳು. ಅದು ಗರಿಗರಿಯಾಗಿ ಒಣಗಿತು. ಕಲೈಸೆಲ್ವಿ ಅದನ್ನೇ ಹಾಕಿಕೊಂಡು ಗೂಡಲೂರು ಕಡೆಯ ಚೆಕ್‌ಪೋಸ್ಟಿಗೆ ಡ್ಯೂಟಿಗೆ ಹೋದಳು. ಅಲ್ಲಿ ಲಾರಿಗಳನ್ನು ಮೂಸಲೆಂದು ಕರೆತಂದಿದ್ದ ನಾಯಿ ಒಂದು ಲಾರಿಯನ್ನೂ ಮೂಸದೆ ಅವಳ ಕಾಲ ಬಳಿ ಬಂದು ಕೂತಿತಂತೆ, ಎಳೆದರೂ ಏಳಲಿಲ್ಲವಂತೆ. ಇದನ್ನು ಅವಳು ನಗುನಗುತ್ತಾ, ಬೀರುವಿಗೇ ಬೆನ್ನು ಕೊಟ್ಟು ಕೂತು ಹೇಳಿದಳು. ನಾನೂ ನಕ್ಕೆ. ಮಾರನೆಯ ದಿನ ಮತ್ತೆ ಬಂದಳು.

“ಯೂನಿಫಾರಂ ಎಲ್ಲಿ ಒಣಗಿಸ್ತೀಯಾ ಅಂತ ಇನ್ಸ್‌ಪೆಕ್ಟರ್ ಕೇಳಿದ್ರು ಅಣ್ಣಾ,” ಎಂದಳು. ಈ ಸಲ ಇಬ್ಬರೂ ನಗಲಿಲ್ಲ.

ಆ ಮಧ್ಯಾಹ್ನವೇ ಗಿಡಗಳನ್ನು ಬುಡಸಮೇತ ಕಿತ್ತೆ. ಇನ್ನೂ ಎಳೆಯವು, ಎಣ್ಣೆಯಿರಲಿ, ಒಂದು ತೊಟ್ಟು ರಸಕ್ಕೂ ಆಗುತ್ತಿರಲಿಲ್ಲ. ಪ್ರವೀಣ್‌ಕುಮಾರ್ ಅವನ್ನು ತನ್ನ ಟೀ ಎಲೆಯ ಮೂಟೆಗಳ ನಡುವೆ ಸೇರಿಸಿಕೊಂಡು ಹೋದ. ಹಳ್ಳಕ್ಕೆ ಹೋದವೋ ಫ್ಯಾಕ್ಟರಿಗೆ ಹೋದವೋ ತಿಳಿಯದು. ಆ ವಾರದ ನೀಲಗಿರಿ ಟೀ ಕುಡಿದು ಯಾರಾದರೂ ಕಾರಣವಿಲ್ಲದೆ ಸಂತೋಷಪಟ್ಟಿದ್ದರೆ ಅದರ ಪುಣ್ಯ ನಮ್ಮವ್ವನಿಗೆ ಸೇರಲಿ.

ಖಾಲಿ ಬೀರು ಒರೆಸುತ್ತಾ ನನಗೆ ಅಳು ಬಂತು. ಇಷ್ಟು ದಿನ ತಡ್ಕೋ ತಡ್ಕೋ ಎಂದು ಆಸೆ ಹುಟ್ಟಿಸಿ ಕೊನೆಗೆ ಕೈಯೆತ್ತಿದೆನಲ್ಲ ಎಂದು. ಅವಳಿಗೆ ತೋರಿಸಿ, ತಪ್ಪಾಯಿತು ಎಂದುಬಿಡೋಣವೆಂದು ಎರಡು ಬಾಗಿಲನ್ನೂ ಅಗಲವಾಗಿ ತೆಗೆದೆ. ಒಳಗೆ ದೀಪ ಉರಿಯುತ್ತಿತ್ತು, ಹಾಳೆಯೆಲ್ಲ ಬೆಳ್ಳಿಯಂತೆ ಹೊಳೆಯುತ್ತಿತ್ತು.

“ನೋಡು ಅವ್ವ, ಏನೂ ಇಲ್ಲ ಇದರಲ್ಲಿ. ನನ್ನ ಕೈಲಿ ಇಷ್ಟೇ ಆಗಿದ್ದು.”

ಅವ್ವ ದಿಂಬಿನಿಂದ ತಲೆಯೆತ್ತಿ ಆ ಬೆಳಕನ್ನು ನೋಡಿದಳು. ಮೇಲಿಂದ ಕೆಳಗಿನವರೆಗೆ ನಿಧಾನವಾಗಿ, ಸಂತೆಯಲ್ಲಿ ಸೀರೆ ನೋಡುವ ಹಾಗೆ ನೋಡಿದಳು. “ದೀಪಾನೂ ಮಡಗಿದ್ದೀಯಲ್ಲಪ್ಪ. ಸಾಕು ಕನ, ಇನ್ನೇನೂ ಬ್ಯಾಡ,” ಎಂದು ನನ್ನ ಕೆನ್ನೆ ಸವರಿದಳು. ನೋವಿಗೆ ಬುದ್ಧಿ ತಪ್ಪಿದೆ ಎಂದುಕೊಂಡೆ. ಮಾರನೆಯ ಬೆಳಗ್ಗೆ ಸುಧಾ ಕಾಫಿ ತೆಗೆದುಕೊಂಡು ಹೋದಾಗ ಅವ್ವ ಇರಲಿಲ್ಲ. ಸೆರಗು ಬಾಯಲ್ಲಿರಲಿಲ್ಲ, ಹೆಗಲ ಮೇಲೆ ಸರಿಯಾಗಿತ್ತು.

ಮಳೆ ಸುರಿಯುತ್ತಿತ್ತು. ಗುಂಡ್ಲುಪೇಟೆಯಿಂದ ಸೋದರಮಾವ ಗುರುಮಲ್ಲಪ್ಪ ಕಾರ್ಯ ಮಾಡಿಸುವ ಐನೋರನ್ನೂ ನೆಂಟರನ್ನೂ ಜೀಪಿನಲ್ಲಿ ತುಂಬಿಕೊಂಡು ಬಂದ. ಆದರೆ ಬಿದಿರು ತರಲಿಲ್ಲ. ನಾನು ಇಲ್ಲೇ ಹೇಳಿಟ್ಟಿರುತ್ತೇನೆ ಎಂದು ಅವನು ತಿಳಿದಿದ್ದ, ಅವನು ತರುತ್ತಾನೆ ಎಂದು ನಾನು ತಿಳಿದಿದ್ದೆ. ವ್ಯಾನಿಗೇ ಹೇಳೋಣ ಎಂದೆ. ಮಾವ ಅಕ್ಕನ ಮುಖ ನೋಡಲು ಕೋಣೆಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಬೀರುವಿನೊಳಗೆ ಚಕ್ಕಳಮಕ್ಕಳ ಹಾಕಿ ಕೂತು, ತಲೆಯ ಮೇಲೆ ಎಷ್ಟು ಜಾಗ ಉಳಿಯುತ್ತದೆಂದು ಕೈಯಲ್ಲಿ ಅಳೆಯುತ್ತಿದ್ದ. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು.

ಹೊರಗೆ ಬಂದು ಎಲ್ಲರನ್ನೂ ಕರೆದು ಹೇಳಿದ. “ನೋಡ್ರಪ್ಪ, ಅಕ್ಕನ ಆಸೆ ನಡೆಸ್ಬೇಕು ಅಂತ ಬೆಳ್ಳಿ ವಿಮಾನವೇ ಮಾಡಿ ಮಡಗವ್ನೆ. ಕೇಳಿದ್ರೆ ವ್ಯಾನು ಅಂತಾನೆ, ನಾಚ್ಕೆ ಅವ್ನಿಗೆ.”

ಹೆಂಗಸರು ಗೊಳೋ ಎಂದರು. ತಾಯಿ ಉಸಿರಾಡುವಾಗಲೇ ವಿಮಾನ ಮಾಡಿಟ್ಟನಲ್ಲ, ಎಂಥ ಕಲ್ಲುಮನಸ್ಸು ಎಂದು ಹಿಂದೆ ಯಾರೋ ಗೊಣಗಿದರು. ನಾನು ಬಾಯಿ ತೆರೆದೆ. ತೆರೆದು ಏನು ಹೇಳಲಿ? ವಿಮಾನವಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾರೆ. ಕೇಳುವವರಲ್ಲಿ ಒಬ್ಬಳು ಖಾಕಿ ತೊಟ್ಟಿದ್ದಳು. ಬಾಯಿ ಮುಚ್ಚಿಕೊಂಡೆ.

ಬಾಗಿಲು ಕಳಚಿ, ಹೊರಲು ಎರಡು ಕಡೆ ಮರದ ಗಳ ಕಟ್ಟಿದರು. ಅವ್ವನನ್ನು ಕೂರಿಸಿದರು. ಅಳತೆ ಕೊಟ್ಟು ಮಾಡಿಸಿದಂತೆ ಸರಿಹೋಯಿತು. ಕಲೈಸೆಲ್ವಿ ಬೀರುವಿನೊಳಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದವಳು ಒಂದು ಮೂಲೆಗೆ ಬಂದು ತಡೆದಳು. ಹಾಳೆಯ ಸಂದಿಯಿಂದ ಒಣಗಿದ ಒಂದು ಎಲೆ ಎಳೆದು ಮೂಸಿದಳು. ನನ್ನನ್ನು ನೋಡಿದಳು. ಆಮೇಲೆ ಅವ್ವನ ಮುಖ ನೋಡಿದಳು. ಎಲೆಯನ್ನು ಮತ್ತೆ ಸಂದಿಗೇ ತುರುಕಿದಳು.

“ಅಣ್ಣಾ, ಇನ್ನೂ ಹೂ ತರಿಸಿ. ವಾಸನೆ ಬರ್ತಿದೆ,” ಎಂದಳು.

ಸಾವಿನ ಮನೆಯಲ್ಲಿ ಆ ಮಾತಿಗೆ ಯಾರೂ ತಿರುಗಿ ನೋಡಲಿಲ್ಲ. ಅವ್ವ ದೀಪದ ಕೆಳಗೆ, ಬೆಳ್ಳಿಯ ನಡುವೆ, ಕೂತುಕೊಂಡೇ ಬಜಾರು ದಾಟಿದಳು. (ದೀಪಕ್ಕೆ ಬ್ಯಾಟರಿ ನಾನೇ ಹೊತ್ತುಕೊಂಡಿದ್ದೆ.) ಅಂಗಡಿಯವರೆಲ್ಲ ಎದ್ದು ನಿಂತು ಕೈಮುಗಿದರು. ಕೆಲವರು ನನಗೂ ಮುಗಿದರು, ಅದು ಮೈ ಸುಟ್ಟಂತಾಯಿತು.

ಮಣ್ಣು ಮುಗಿಸಿ ಬಂದ ಮೇಲೆ ತಡೆಯಲಾರದೆ ಸುಧಾಳಿಗೆ ಎಲ್ಲವನ್ನೂ ಹೇಳಿದೆ. ಅದು ಚೆಂಡುಹೂವಲ್ಲ, ವಿಮಾನವೂ ಅಲ್ಲ, ಅವ್ವನ ನೋವು ಇಳಿಸಲು ಗಾಂಜಾ ಬೆಳೆಯಲು ಮಾಡಿದ ಬೀರು ಎಂದೆ. ಬೈಯುತ್ತಾಳೆಂದು ಕಾದೆ. ಅವಳು ಒದ್ದೆ ಬಟ್ಟೆ ಹಿಂಡುತ್ತಿದ್ದವಳು ಕೈ ನಿಲ್ಲಿಸಿದಳು.

“ಅತ್ತೆ ನನ್ಹತ್ರ ಮೊದಲೇ ಹೇಳಿದ್ರು ರೀ. ‘ನನ್ಮಗ ನಂಗೆ ವಿಮಾನ ಮಾಡ್ತಾವ್ನೆ, ಅದು ಮುಗಿಯೋಗಂಟ ಜೀವ ಹಿಡ್ಕೊಂಡಿರ್ತೀನಿ. ನೋವು ಅಂತ ಅವನಿಗೆ ಹೇಳ್ಬ್ಯಾಡ, ಅವಸರ ಮಾಡಿ ಕೆಡಿಸ್ತಾನೆ’ ಅಂದ್ರು. ನೀವು ಹೂವೂ ಬೆಳೀತಿದ್ದೀರಿ ಅಂತ ನಾನೇ ಅವರಿಗೆ ಹೇಳಿದ್ದೆ.”

ನಾನು ಅವ್ವನ ಖಾಲಿ ಕೋಣೆಗೆ ಹೋಗಿ ಕಿಟಕಿಯ ಕೆಳಗೆ ಕೂತೆ. ಗಿಡ ಬೆಳೆಯಲೆಂದು ನಾನು ಕಾದ ದಿನಗಳನ್ನೆಲ್ಲ ಅವಳು ನನಗಾಗಿ ಸೆರಗು ಕಚ್ಚಿಕೊಂಡು ಕಳೆದಿದ್ದಳು. ಮೊದಲ ವಾರವೇ ಆ ಬೀರುವಿನ ಬಾಗಿಲು ತೆಗೆದು ಖಾಲಿ ತೋರಿಸಿದ್ದರೆ, ಅವಳ ನೋವು ಅಂದೇ ಮುಗಿಯುತ್ತಿತ್ತು.

ಹನ್ನೊಂದನೆಯ ದಿನದ ಕಾರ್ಯ ಕಳೆದ ಮೇಲೆ ಗುರುಮಲ್ಲಪ್ಪ ಮಾವನ ಫೋನು ಬಂತು. ತನಗೂ ಅಂಥದ್ದೇ ಒಂದು ಬೇಕಂತೆ, ತಾನು ಅಕ್ಕನಿಗಿಂತ ಎರಡು ಬೆರಳು ಎತ್ತರವಂತೆ, ದೀಪ ಮರೆಯಬಾರದಂತೆ. ಇಲ್ಲವೆನ್ನಲು ನನ್ನಲ್ಲಿ ಯಾವ ಕಾರಣವೂ ಇರಲಿಲ್ಲ. ಫೋನಿಡುವ ಮುಂಚೆ ಮಾವ ಧ್ವನಿ ತಗ್ಗಿಸಿದ.

“ಅವಸರ ಏನೂ ಇಲ್ಲ ಕನಪ್ಪ. ನಿಧಾನಕ್ಕೆ ಮಾಡು.”

ಅವ್ವನ ಕೋಣೆಯ ತುಂಬ ಈಗ ಮತ್ತೆ ಟೀ ಪೆಟ್ಟಿಗೆಗಳು. ತಿಂಗಳಿಗೊಂದು ಮೊಳೆ ಹೊಡೆಯುತ್ತೇನೆ.