ಆವಿ ಬರುವ ಗಾಡಿ

ಬೈಕಿನ ಟೆಸ್ಟ್ ರೈಡ್ ಕೊಡಿಸೋ ಕೆಲಸದಲ್ಲಿ ಇರೋರಿಗೆ ದಿನಾ ಏನಾದರೊಂದು ಆಗ್ತಾನೇ ಇರುತ್ತೆ. ಲೈಸೆನ್ಸ್ ಮನೇಲಿ ಬಿಟ್ಟು ಬರೋರು, ಹೆಂಡತೀನ ಶೋರೂಮಲ್ಲಿ ಬಿಟ್ಟು ಹೋಗೋರು, ಎಲ್ಲರನ್ನೂ ನೋಡಿದ್ದೀನಿ. ಅವಕ್ಕೆಲ್ಲ ನಕ್ಕು ಸುಮ್ಮನಾಗಬಹುದು. ಆದರೆ ಹೋದ ಆಡಿಯಲ್ಲಿ, ಅಂದರೆ ತಮಿಳರ ಆಷಾಢದಲ್ಲಿ, ಆದದ್ದಿದೆಯಲ್ಲ, ಅದನ್ನ ನೆನೆಸಿಕೊಂಡರೆ ಈಗಲೂ ನಗುವಿನ ಜೊತೆ ಮೈ ಜುಮ್ಮೆನ್ನುತ್ತೆ.

ನಾನು ತುಮಕೂರಿನೋನು. ಚೆನ್ನೈಯಲ್ಲೇ ಮೂರು ತಲೆಮಾರಿಂದ ಇರೋ ರೈಲ್ವೆ ಕೆಲಸದ ಕನ್ನಡದೋರ ಮನೆ ಹುಡುಗೀನ ಮದುವೆಯಾಗಿ ಇಲ್ಲಿಗೆ ಬಂದೆ. ಪೋರೂರಿನ ಒಂದು ಶೋರೂಮಲ್ಲಿ ಕೆಲಸ. ತಮಿಳು ಕಲಿಯೋಕೆ ನಾನೇ ಒಂದು ಸುಲಭದ ದಾರಿ ಕಂಡುಕೊಂಡಿದ್ದೆ. ಗೊತ್ತಿಲ್ಲದ ಕಡೆ ಕನ್ನಡದ ಮಾತನ್ನೇ ಹಾಕೋದು, ಕೊನೆಗೊಂದು ತಮಿಳು ಬಾಲ ಜೋಡಿಸೋದು. ನೂರಕ್ಕೆ ಎಂಬತ್ತು ಸಲ ನಡೆದುಹೋಗುತ್ತೆ. ಉಳಿದ ಇಪ್ಪತ್ತರ ಕತೆ ಇದು.

ನಮ್ಮಲ್ಲಿ ಓಡಿಸಿ ನೋಡೋಕೆ ಅಂತ ಎರಡು ಗಾಡಿ ಇದ್ದವು. ಕಪ್ಪನೆಯದು ದೂರ ಪ್ರಯಾಣದ್ದು. ಬೆನ್ನು ನೆಟ್ಟಗೆ ಮಾಡಿ ಕೂತು ಕನ್ಯಾಕುಮಾರಿಗೆ ಹೋಗಿಬರಬಹುದು. ಕೆಂಪನೆಯದು ಸ್ಪೋರ್ಟ್ಸ್. ಟ್ಯಾಂಕಿನ ಮೇಲೆ ಎದೆ ಇಟ್ಟು ಬಗ್ಗಿ ಕೂರಬೇಕು, ಏಳುವಾಗ ಸೊಂಟ ಹಿಡಿಯುತ್ತೆ, ಆದರೆ ಓಡೋದನ್ನ ಹೇಳೋಕಾಗಲ್ಲ. ಬಂದೋರಿಗೆ ಎರಡನ್ನೂ ಹೋಲಿಸಿ ನೋಡೋ ಆಸೆ. ಒಂದರಲ್ಲಿ ಅವರು, ಇನ್ನೊಂದರಲ್ಲಿ ನಾನು. ಪೋರೂರು ಕೆರೆ ಹತ್ತಿರ ಅದಲು ಬದಲು ಮಾಡಿಕೊಂಡು ವಾಪಸ್ ಬರೋದು.

ಆಡಿಯಲ್ಲಿ ಇಲ್ಲಿ ಯಾರೂ ಹೊಸ ಗಾಡಿ ತಗೊಳ್ಳಲ್ಲ. ನಮ್ಮ ಆಷಾಢ ಮುಗಿದರೂ ಇವರ ಆಡಿ ಮುಗಿಯಲ್ಲ. ಅಂಥ ತಿಂಗಳಲ್ಲಿ ನಮ್ಮ ಮ್ಯಾನೇಜರು ನನ್ನ ಕರೆದು, ಆಡಿ ಮುಗಿಯೋದರೊಳಗೆ ಆ ಕೆಂಪು ಗಾಡೀನ ಮಾರಿಬಿಡಬೇಕು, ಇಲ್ಲಾಂದ್ರೆ ನಿನ್ನನ್ನ ಪುರಸೈವಾಕ್ಕಂ ಬ್ರಾಂಚಿಗೆ ಹಾಕ್ತೀನಿ ಅಂದರು. ಅದು ಸ್ಕೂಟರ್ ಬ್ರಾಂಚು. ಅಲ್ಲಿನ ಜನಸಂದಣಿಯಲ್ಲಿ ಟೆಸ್ಟ್ ರೈಡ್ ಅಂದರೆ ಗೇಟಿಂದ ಪಕ್ಕದ ಸೀರೆ ಅಂಗಡಿವರೆಗೆ. ಹದಿನೈದು ವರ್ಷ ದೊಡ್ಡ ಗಾಡಿ ಓಡಿಸಿದ ಕೈ ಇದು. ನನಗೆ ಬರೋದು ಇದೊಂದೇ ವಿದ್ಯೆ, ಅದು ಹೋದರೆ ನಾನು ಏನೂ ಅಲ್ಲ. ಆವತ್ತು ಊಟ ಸೇರಲಿಲ್ಲ.

ಹಿಂದೆ ಕೂರೋರಿಗೆ ಜಾಸ್ತಿ

ಮಾರನೇ ದಿನವೇ ಒಬ್ಬ ಬ್ಯಾಂಕ್ ಆಫೀಸರು ಬಂದರು. ಕಪ್ಪು ಗಾಡಿ ಓಡಿಸಿ ಆಗಿತ್ತು, ಕೆಂಪನ್ನ ಇನ್ನೇನು ಹತ್ತಬೇಕು. ಬಿಸಿ ಎಂಜಿನ್ ಮೇಲೆ ಮಳೆ ನೀರು ಬಿದ್ದು ಹೊಗೆಯಂತೆ ಏಳ್ತಾ ಇತ್ತು. ಗಿರಾಕಿಗೆ ಮುಚ್ಚಿಡಬಾರದು ಅಂತ ನಾನು ನನ್ನ ತಮಿಳಲ್ಲಿ, ಸಾರ್, ಇದರಲ್ಲಿ ಆವಿ ಬರುತ್ತೆ ಅಂದೆ.

ಅವರು ಕಾಲು ವಾಪಸ್ ಇಳಿಸಿ, ಎಷ್ಟು ದಿನದಿಂದ ಅಂತ ಕೇಳಿದರು. ಗಾಡಿ ಬಂದಾಗಿಂದ, ಕಂಪನಿಯವರಿಗೂ ಗೊತ್ತು ಅಂದೆ. ಯಾವಾಗ ಬರುತ್ತೆ ಅಂದರು. ಓಡ್ತಾ ಇದ್ದರೆ ಗೊತ್ತಾಗಲ್ಲ, ಸಿಗ್ನಲಲ್ಲಿ ನಿಂತರೆ ಮೆಲ್ಲಗೆ ಮೇಲೆ ಬಂದು ತೊಡೆ ಹಿಡಿಯುತ್ತೆ ಅಂದೆ. ಅವರ ಮುಖ ಬಿಳಚಿಕೊಂಡಿತು. ಮನೆಯವರು ಹಿಂದೆ ಕೂರ್ತಾರೆ, ಅವರಿಗೇನೂ ತೊಂದರೆ ಇಲ್ಲವಲ್ಲ ಅಂದರು.

"ಹಿಂದೆ ಕೂರೋರಿಗೇ ಜಾಸ್ತಿ ಸಾರ್. ಸೀರೆ ಉಟ್ಟಿದ್ದರೆ ಒಳಗೇ ಹೋಗುತ್ತೆ," ಅಂದೆ. "ಅಭ್ಯಾಸ ಆಗಿಹೋಗುತ್ತೆ ಬಿಡಿ."

ಅವರು ಕೀ ನನ್ನ ಕೈಗಿಟ್ಟು, ಎರಡೂ ಕೆನ್ನೆ ಬಡಿದುಕೊಂಡು, ಹಿಂದೆ ತಿರುಗಿ ನೋಡದೆ ಹೋದರು.

ಸಂಜೆ ಹೆಂಡತಿಗೆ ಹೇಳಿದೆ. ಅವಳು ನಕ್ಕೂ ನಕ್ಕೂ ಸಾಕಾಗಿ, ಆಮೇಲೆ ಹೇಳಿದಳು. ನಮಗೆ ಆವಿ ಅಂದರೆ ಇಡ್ಲಿ ಬೇಯೋದು. ತಮಿಳಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇದೆಯಂತೆ. ಸತ್ತೋರ ಆತ್ಮ.

ತಾನೇ ಉಸಿರಾಡಿದ್ದು

ಸುದ್ದಿ ನಾಕು ದಿನದಲ್ಲಿ ಊರಿನ ಆಚೆ ಕಡೆಯ ಅಡ್ಯಾರ್ ದಾಟಿತು. ಬಂದೋರೆಲ್ಲ ಕಪ್ಪು ಗಾಡಿ ಓಡಿಸಿ, ಕೆಂಪನ್ನ ಹತ್ತು ಅಡಿ ದೂರದಿಂದ ನೋಡಿ ಹೋಲಿಸ್ತಾ ಇದ್ದರು. ನಮ್ಮ ಸೆಕ್ಯೂರಿಟಿಯವರು ಹ್ಯಾಂಡಲಿಗೆ ನಿಂಬೆಹಣ್ಣು ಕಟ್ಟಿದರು. ನಾನು ಎಂಜಿನ್ ತೋರಿಸಿ, ನೀರು ಸುರಿದು ತೋರಿಸಿ, ಇದೇ ಕಣ್ರೀ ಆವಿ ಅಂತ ಎಷ್ಟು ಬಡಕೊಂಡರೂ, ಹೌದು ಹೌದು ಬಂತು ಅಂತ ಇನ್ನೂ ದೂರ ಸರಿಯೋರು.

ಮ್ಯಾನೇಜರಿಗೆ ರೇಗಿಹೋಯಿತು. ಎಲ್ಲರನ್ನೂ ಸೇರಿಸಿ, ನೋಡ್ರೀ, ಇದು ಬರೀ ಕಬ್ಬಿಣ ಅಂತ ತಾವೇ ಗಾಡಿ ಮೇಲೆ ಕೂತರು. ನಾನು ಆಗಷ್ಟೇ ಓಡಿಸಿ ತಂದು ನಿಲ್ಲಿಸಿದ್ದೆ. ಎಂಜಿನ್ ಆಫ್, ಕೀ ನನ್ನ ಜೇಬಲ್ಲಿ. ಶೋರೂಮು ನಿಶ್ಶಬ್ದವಾಗಿತ್ತು. ಆಗ ಅವರ ಮೊಣಕಾಲಿನ ಹತ್ತಿರ, ಒಳಗಿಂದ, ಯಾರೋ ದೀರ್ಘವಾಗಿ ಉಸಿರು ಎಳೆದುಕೊಂಡ ಹಾಗೆ ಒಂದು ಸದ್ದು ಶುರುವಾಯಿತು.

ಎಂಜಿನ್ ತಣ್ಣಗಾಗೋವರೆಗೆ ಒಳಗಿನ ಫ್ಯಾನು ತಾನೇ ತಿರುಗುತ್ತೆ, ಅಷ್ಟೇ. ನಾನು ಅದನ್ನೇ ಹೇಳಿದೆ. ಮ್ಯಾನೇಜರು, ನನಗೂ ಗೊತ್ತು ಅಂದರು. ಅಂದದ್ದು ಎದುರುಗಡೆ ಟೀ ಅಂಗಡಿಯಿಂದ.

ಹಿಂದೇನೇ ಇದ್ದೀನಿ

ಆಡಿ ಮುಗಿಯೋಕೆ ಇನ್ನು ಎರಡೇ ವಾರ. ಒಬ್ಬರು ಹಲ್ಲಿನ ಡಾಕ್ಟರಮ್ಮ ಬಂದರು, ದೆವ್ವ ಗಿವ್ವ ನಂಬೋರಲ್ಲ. ನನಗೆ ಹೋದ ಜೀವ ಬಂದಂಗಾಯಿತು. ಅವರು ಕಪ್ಪಿನಲ್ಲಿ ಮುಂದೆ, ನಾನು ಕೆಂಪಿನಲ್ಲಿ ಹಿಂದೆ. ಇಬ್ಬರ ಹೆಲ್ಮೆಟ್ಟಲ್ಲೂ ಮಾತಾಡಿಕೊಳ್ಳೋ ಯಂತ್ರ ಇತ್ತು.

ಕೆರೆ ಹತ್ತಿರ ಬಂದೆವು. ಮಟಮಟ ಮಧ್ಯಾಹ್ನ, ನೀರಿನ ಕಡೆಯಿಂದ ಗಾಳಿ ಬೀಸ್ತಾ ಇತ್ತು. ನನ್ನ ಕಿವಿಯೊಳಗೆ ಒಂದು ಹೆಂಗಸಿನ ದನಿ. ಒಡೆದ ದನಿ, ಸ್ವಚ್ಛ ಕನ್ನಡ.

"ಹಿಂದೇನೇ ಇದ್ದೀನಿ. ನಿಲ್ಲಿಸಿ. ನಾನೂ ಹತ್ಕೋತೀನಿ."

ಪೋರೂರು ಕೆರೆ ಏರಿಯಲ್ಲಿ ನನ್ನ ಹತ್ತಿರ ಕನ್ನಡ ಮಾತಾಡೋರು ಯಾರು? ಕನ್ನಡಿಯಲ್ಲಿ ನೋಡಿದೆ. ಹಿಂದೆ ಒಂದು ಬಸ್ಸು ಬಿಟ್ಟರೆ ನರಪಿಳ್ಳೆ ಇಲ್ಲ. ಗಾಡಿ ನಿಲ್ಲಿಸಿ, ಇಳಿದು, ಅದಕ್ಕೇ ಕೈ ಮುಗಿದು, ತಾಯಿ, ಬಿಟ್ಟುಬಿಡು, ಹೊಟ್ಟೆಪಾಡು ಅಂದೆ. ನನ್ನ ಗೋಳು ಡಾಕ್ಟರಮ್ಮನಿಗೂ ಕೇಳಿಸ್ತಾ ಇತ್ತಲ್ಲ, ಅವರು ಹಾಗೇ ಶೋರೂಮಿಗೆ ಹೋಗಿ ಕೀ ಇಟ್ಟು ಹೊರಟೇಹೋದರು.

ಬಸ್ಸು ಸ್ಟಾಪಲ್ಲಿ ನಿಂತಿತು. ಅದರಿಂದ ನಮ್ಮ ಅತ್ತೆ ಇಳಿದರು. ಆಸ್ಪತ್ರೆಗೆ ಬಂದಿದ್ದರಂತೆ, ನೆಗಡಿಗೆ ಗಂಟಲು ಕಟ್ಟಿತ್ತು. ಕಿಟಕಿಯಿಂದ ಅಳಿಯಂದ್ರನ್ನ ನೋಡಿ ಫೋನ್ ಮಾಡಿದ್ದಾರೆ. ಬೆಳಿಗ್ಗೆ ಹೆಂಡತಿ ನನ್ನ ಫೋನನ್ನ ಹೆಲ್ಮೆಟ್ಟಿಗೆ ಜೋಡಿಸಿದ್ದಳು, ಅದು ತಾನೇ ಎತ್ತಿಕೊಂಡಿತ್ತು. ಆವತ್ತಿಂದ ಅತ್ತೆ ಎಲ್ಲರ ಹತ್ತಿರ ಹೇಳ್ತಾರೆ, ನನ್ನ ದನಿ ಕೇಳಿದರೆ ಸಾಕು, ನಮ್ಮ ಅಳಿಯಂದ್ರು ಗಾಡಿಯಿಂದ ಇಳಿದು ಕೈ ಮುಗೀತಾರೆ ಅಂತ.

ಕಡೇ ದಿನ

ಆಡಿಯ ಕಡೇ ದಿನ. ಪುರಸೈವಾಕ್ಕಂಗೆ ಹೋಗೋ ಕಾಗದ ಟೈಪಾಗಿ ಮ್ಯಾನೇಜರ್ ಮೇಜಿನ ಮೇಲಿತ್ತು. ಸಹಿ ಒಂದು ಬಾಕಿ.

ಸಂಜೆ ನಾಕು ಗಂಟೆಗೆ ಒಬ್ಬರು ಬಂದರು. ಇನ್ಶೂರೆನ್ಸಲ್ಲಿ ಕೆಲಸ, ಐವತ್ತರ ಆಸುಪಾಸು, ಹಣೆಗೆ ನಾಮ. ಹಳೇ ಮದ್ರಾಸಿನ ಕನ್ನಡದೋರು. ಆವಿ ಬರೋ ಗಾಡಿ ಇದೇನಾ ಅಂದರು. ನನಗೆ ಇನ್ನು ಸುಳ್ಳು ಹೇಳೋ ಚೈತನ್ಯವೂ ಇರಲಿಲ್ಲ, ನಿಜ ಹೇಳೋ ಧೈರ್ಯವೂ ಇರಲಿಲ್ಲ. ಕಡೆಗೆ ನಿಜವನ್ನೇ ಹೇಳಿದೆ. ದೆವ್ವ ಏನೂ ಇಲ್ಲ ಸಾರ್, ನನ್ನ ತಮಿಳು ಅಷ್ಟು ಚೆನ್ನಾಗಿದೆ ಅಂದೆ.

"ನನಗೆ ತಿಳಿಯಾದಾ? ನಾನೂ ಕನ್ನಡದವನೇ ಅಲ್ವಾ," ಅಂದರು, ತಮಿಳು ಬಾಲದ ಕನ್ನಡದಲ್ಲಿ. "ಆದ್ರೆ ಅದನ್ನ ಇನ್ನು ಯಾರಿಗೂ ಹೇಳಬೇಡಿ."

ಅವರ ಕಷ್ಟ ಬೇರೆ. ಯಾವ ಬೈಕ್ ತಗೊಂಡರೂ ಮಚ್ಚಿನಂದಿರು ಅಂದರೆ ಹೆಂಡತಿ ತಮ್ಮಂದಿರು ಮೂವರು ಸರತಿ ಮೇಲೆ ಎರವಲು ಒಯ್ಯೋರಂತೆ. ಇಂಥ ಗಾಡಿ ಆದರೆ ಒಬ್ಬನೂ ಮುಟ್ಟಲ್ಲ ಅಂತ ಇವರ ಲೆಕ್ಕ. ಸರ್ವಿಸ್ ಪುಸ್ತಕದಲ್ಲಿ "ಆವಿ ಬರುತ್ತೆ" ಅಂತ ತಮಿಳಲ್ಲಿ ಬರೆದು, ಶೋರೂಮಿನ ಸೀಲ್ ಹಾಕಿಕೊಟ್ಟರೆ ಈಗಲೇ ತಗೊಳ್ತೀನಿ ಅಂದರು. ಕನ್ನಡದಲ್ಲಿ ಓದಿದರೆ ಅದು ಸುಳ್ಳೂ ಅಲ್ಲವಲ್ಲ. ಬರೆದೆ. ಮ್ಯಾನೇಜರು ಸೀಲ್ ಒತ್ತಿ, ನನ್ನ ಕಣ್ಣೆದುರಿಗೇ ವರ್ಗದ ಕಾಗದ ಹರಿದರು. ನಾಚಿಕೆ ಯಾಕೆ, ನನ್ನ ಕಣ್ಣಲ್ಲಿ ನೀರು ಬಂತು.

ಕಾಗದಪತ್ರ ಆಗೋವರೆಗೆ ಒಂದು ಸುತ್ತು ಹೋಗಿಬರ್ತೀನಿ ಅಂತ ಅವರೊಬ್ಬರೇ ಕೆಂಪು ಗಾಡಿ ತಗೊಂಡು ಕೆರೆ ಕಡೆ ಹೋದರು. ಹೋದೋರು ಅರ್ಧ ಗಂಟೆ ಬರಲಿಲ್ಲ. ಬಂದಾಗ ಮೊದಲಿನ ಹಾಗೆ ಮಾತಿಲ್ಲ. ಗಾಡಿ ಹೇಗಿತ್ತು ಸಾರ್ ಅಂದರೆ, ಚೆನ್ನಾಗಿದೆ ಅಂದರು. ಬಗ್ಗಿ ಕೂತು ಸೊಂಟ ಹಿಡಿದಿರಬೇಕು ಅಂದುಕೊಂಡೆ. ಇಳಿಯಲೂ ಇಲ್ಲ, ಟ್ಯಾಂಕಿಗೆ ಅಂಟಿಕೊಂಡ ಹಾಗೆ ಮುಂದಕ್ಕೆ ಸರಿದೇ ಕೂತಿದ್ದರು.

ಗಾಡಿ ಜೊತೆ ಎರಡು ಹೆಲ್ಮೆಟ್ ಕೊಡೋದು ನಮ್ಮ ಪದ್ಧತಿ. ಓಡಿಸೋರಿಗೆ ಒಂದು, ಹಿಂದೆ ಕೂರೋರಿಗೆ ಒಂದು. ಅವರದ್ದು ದೊಡ್ಡ ತಲೆ, ದೊಡ್ಡ ಸೈಜೇ ಕೊಟ್ಟೆ. ಹಿಂದೆ ಕೂರೋರಿಗೆ ಯಾವ ಸೈಜು ಕೊಡಲಿ ಸಾರ್ ಅಂತ ಕೇಳಿದೆ.

ಅವರು ನಿಧಾನವಾಗಿ ತಲೆ ತಿರುಗಿಸಿ, ಖಾಲಿ ಸೀಟನ್ನ ಒಂದು ಕ್ಷಣ ಮೇಲಿಂದ ಕೆಳಗೆ ನೋಡಿದರು.

"ಮೀಡಿಯಂ ಸಾಕು," ಅಂದರು.