ಮೂಕಮ್ಮನ ಅಡವಿಯ ಹದಿಮೂರು ಮೃತ ಮರಗಳು

ಬಳ್ಳಾರಿ ಸೀಮೆಯಲ್ಲಿ ಪುರಾತನ ಅರಣ್ಯ ಒಂದೇ ಒಂದಿದ್ದು, ಅದರಲ್ಲಿರುವ ಮರಗಳ ಸಂಖ್ಯೆ ನಲವತ್ತೊಂದು. ಕುರುಗೋಡಿನ ಗುಡ್ಡ ದಾಟಿದರೆ ಬಂಡೆಗಳ ನಡುವಿನ ತಗ್ಗಿನಲ್ಲಿ ಅದು ಸಿಗುತ್ತದೆ. ಊರವರು ಅದನ್ನು ಮೂಕಮ್ಮನ ಅಡವಿ ಎನ್ನುತ್ತಾರೆ. ಇಷ್ಟಕ್ಕೆಲ್ಲ ಅರಣ್ಯವೆನ್ನಬಹುದೇ ಎಂದು ಹೊರಗಿನವರು ಕೇಳುವುದುಂಟು. ನಮ್ಮ ಮೇ ತಿಂಗಳ ಬಿಸಿಲು ಕಂಡವರು ಯಾರೂ ಕೇಳಿಲ್ಲ.

ಇದನ್ನು ಕಾಪಾಡುವ ಸಲುವಾಗಿ ‘ಪುರಾತನ ಅರಣ್ಯ ಸಂರಕ್ಷಣಾ ತತ್ವಗಳ ಅನುಷ್ಠಾನ ಕೋಶ’ ಸ್ಥಾಪನೆಯಾಯಿತು. ಕಚೇರಿ ಸಿಕ್ಕಿದ್ದು ಬ್ರೂಸ್‌ಪೇಟೆಯಲ್ಲಿ, ಒಣಮೆಣಸಿನಕಾಯಿ ಮಂಡಿಯ ಮೇಲಿನ ಮಹಡಿಯಲ್ಲಿ. ನಾನು ಅಲ್ಲಿ ನಡವಳಿ ಬರೆಯುವ ಗುಮಾಸ್ತ. ಕೆಳಗೆ ಚೀಲ ಸುರಿದಾಗಲೆಲ್ಲ ಮೇಲೆ ಸಭೆಗೆ ಸಭೆಯೇ ಸೀನುತ್ತಿತ್ತು. ಸೀನಿದವರನ್ನು ಅನುಮೋದಿಸಿದವರೆಂದು ಬರೆದುಕೊಳ್ಳತಕ್ಕದ್ದು ಎಂದು ನಮ್ಮ ವಿಶೇಷಾಧಿಕಾರಿ ಸಂಕರ್ಷಣ ಅವರು ಮೊದಲ ದಿನವೇ ಆದೇಶಿಸಿದ್ದರಿಂದ, ನಮ್ಮಲ್ಲಿ ಯಾವ ಠರಾವೂ ಬಾಕಿ ಉಳಿಯುತ್ತಿರಲಿಲ್ಲ.

ರಾಜಧಾನಿಯಿಂದ ಏಳು ತತ್ವಗಳು ಬಂದವು. ಅರಣ್ಯದೊಳಗೆ ರಸ್ತೆ ಇರಬಾರದು ಎಂದಿತ್ತು, ಇರಲಿಲ್ಲ. ಕಟ್ಟಡ ಇರಬಾರದು ಎಂದಿತ್ತು, ಅದೂ ಇರಲಿಲ್ಲ. ನಾಮಫಲಕ ಇರಬೇಕು ಎಂದಿತ್ತು, ಕೌಲ್ ಬಜಾರಿನಲ್ಲಿ ಬರೆಸಿ ನೆಟ್ಟೆವು. ಹೀಗೆ ಆರು ತತ್ವಗಳನ್ನು ಒಂದೇ ವಾರದಲ್ಲಿ ಮುಗಿಸಿದ ನಮ್ಮನ್ನು ಅಡ್ಡಗಟ್ಟಿದ್ದು ನಾಲ್ಕನೆಯದು.

“ಮೃತ ಮರಗಳೇ ಪುರಾತನ ಅರಣ್ಯದ ಜೀವಾಳ. ನಿಂತಿರಲಿ, ಬಿದ್ದಿರಲಿ, ಒಟ್ಟು ಮರಗಳಲ್ಲಿ ಪ್ರತಿಶತ ಮೂವತ್ತಕ್ಕೆ ಕಡಿಮೆಯಿಲ್ಲದಷ್ಟು ಮೃತ ಸ್ಥಿತಿಯಲ್ಲಿರತಕ್ಕದ್ದು. ಅಂಥ ಮರಗಳನ್ನು ಯಾವ ಕಾರಣಕ್ಕೂ, ಯಾವ ಕಾಲಕ್ಕೂ, ಯಾರೂ ಕಡಿಯತಕ್ಕದ್ದಲ್ಲ.”

ನಮ್ಮ ಅರಣ್ಯದಲ್ಲಿ ಸತ್ತ ಮರ ಒಂದೂ ಇರಲಿಲ್ಲ. ತನಿಖೆಗೆ ಹೋದೆವು. ಅಡವಿಯ ಕಾವಲು ಹುಲುಗಮ್ಮನದು. ಆಕೆಯ ಮನೆತನಕ್ಕೆ ತಲೆತಲಾಂತರದಿಂದ ಬಂದ ಕೆಲಸ ಅದು. ಸಂಬಳವಿಲ್ಲ, ಹಾಗಾಗಿ ಒಂದು ದಿನವೂ ರಜೆ ಹಾಕಿಲ್ಲ.

“ಸತ್ತ ಗಿಡ ಎಲ್ಲಿ ಹೋದ್ವಮ್ಮ?” ಎಂದು ಸಂಕರ್ಷಣ ಅವರು ಕೇಳಿದರು.

“ಬಾಣಂತಿ ಮನಿಗೆ ಹೋದ್ವರಿ,” ಎಂದಳು ಹುಲುಗಮ್ಮ. “ಇಲ್ಲಿ ಹಸಿ ಟೊಂಗಿ ಯಾರೂ ಮುರಿಯಂಗಿಲ್ಲ, ಕಬ್ಬಿಣ ಒಳಗ ತರಂಗಿಲ್ಲ. ಒಣಗಿ ಬಿದ್ದದ್ದು ಬಾಣಂತಿ ನೀರು ಕಾಸಾಕ ಹೋಗತೈತಿ. ಯಾವ ಕೇರಿ ಬಾಣಂತಿ ಆದ್ರೂ ಸೈ.”

ನ್ಯೂನತೆಯ ಮೂಲ ಪತ್ತೆಯಾಯಿತು. ಕಳೆದ ಮೂರು ವರ್ಷಗಳಲ್ಲಿ ಹೆತ್ತ ಇಪ್ಪತ್ತೆರಡು ತಾಯಂದಿರಿಗೆ ನೋಟಿಸು ಕಳಿಸಿದೆವು. ಬಿಸಿನೀರಿನಲ್ಲಿ ಸ್ನಾನ ಮಾಡಿ ಪುರಾತನ ಅರಣ್ಯದ ಜೀವಾಳವನ್ನು ಸುಟ್ಟಿದ್ದಕ್ಕಾಗಿ ತಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ ಕೊಡಲು ಅದರಲ್ಲಿ ತಿಳಿಸಲಾಗಿತ್ತು. ಯಾರೂ ಕೊಡಲಿಲ್ಲ. ಒಬ್ಬಾಕೆ ನೋಟಿಸನ್ನೇ ಒಲೆಗಿಟ್ಟು ನೀರು ಕಾಸಿದಳೆಂದು ವರದಿಯಾಯಿತು.

ಅಷ್ಟರಲ್ಲಿ ಮೇಲಿನಿಂದ ಜ್ಞಾಪನ ಬಂತು. ಮೂವತ್ತು ಪ್ರತಿಶತ ಮೃತರಿಲ್ಲದಿದ್ದರೆ ಇದು ಪುರಾತನ ಅರಣ್ಯವೇ ಅಲ್ಲ, ಕೇವಲ ಗಿಡಗಂಟಿ, ಪಟ್ಟಿಯಿಂದ ಕೈಬಿಡಲಾಗುವುದು ಎಂದು. ಗಾಬರಿಯಾಗಿ ಹಲಕುಂದಿ ಕಡೆಯಿಂದ ಒಂದು ಮುರುಕು ಬಂಡಿಯನ್ನೂ ಎರಡು ಹಳೆಯ ಬಾಗಿಲುಗಳನ್ನೂ ತರಿಸಿ ಮರಗಳ ನಡುವೆ ಮಲಗಿಸಿದೆವು. ಫೋಟೋ ನೋಡಿದ ರಾಜಧಾನಿಯವರು, ಬಾಗಿಲಿಗೆ ಚಿಲಕವಿರುವುದರಿಂದ ಅದು ಸಹಜವಾಗಿ ಸತ್ತದ್ದೆಂದು ನಂಬಲಾಗುವುದಿಲ್ಲ ಎಂದು ಆಕ್ಷೇಪಿಸಿದರು.

ಕೊನೆಗೆ ಅರಣ್ಯವನ್ನು ಉಳಿಸಲು ಉಳಿದದ್ದು ಒಂದೇ ದಾರಿ. ನಲವತ್ತೊಂದಕ್ಕೆ ಮೂವತ್ತು ಪ್ರತಿಶತವೆಂದರೆ ಹನ್ನೆರಡು ಮರ ಮತ್ತು ಒಂದು ಮರದ ಹತ್ತರಲ್ಲಿ ಮೂರು ಪಾಲು. ಆ ಮೂರು ಪಾಲನ್ನು ಹೇಗೆ ಸಾಯಿಸುವುದೆಂದು ಒಂದು ಇಡೀ ಮಧ್ಯಾಹ್ನ ಚರ್ಚೆ ನಡೆಯಿತು. ಅರೆಜೀವ ಮಾಡುವುದು ಪಾಪವೆಂದು ಸಂಕರ್ಷಣ ಅವರು ನೊಂದು ನುಡಿದರು. ಹೀಗಾಗಿ ಹದಿಮೂರೆಂದು ತೀರ್ಮಾನವಾಯಿತು. ಕಾಮಗಾರಿಯ ಹೆಸರು ‘ಜೀವಂತ ಮರಗಳನ್ನು ಮೃತ ಸ್ಥಿತಿಗೆ ಉನ್ನತೀಕರಿಸುವುದು’. ಗುತ್ತಿಗೆ ಸಿರುಗುಪ್ಪದ ದೊಡ್ಡಬಸವರಾಜನಿಗೆ ಹೋಯಿತು. ಟೆಂಡರಿಗೆ ಆತನೊಬ್ಬನೇ ಬಂದಿದ್ದ, ಆತನೊಬ್ಬನಿಗೇ ಹೇಳಲಾಗಿತ್ತು.

ದೊಡ್ಡಬಸವರಾಜ ಹದಿಮೂರು ಮರಗಳಿಗೆ ಕೆಂಪು ಬಣ್ಣದಲ್ಲಿ ಅಂಕಿ ಬರೆದು, ಸೋಮವಾರ ಗರಗಸದ ಮಿಷನ್ನು ತರುವುದಾಗಿ ಹೇಳಿ ಹೋದ. ಹದಿಮೂರನೆಯ ಅಂಕಿ ಬಿದ್ದದ್ದು ಅಡವಿಗೆಲ್ಲ ಹಿರಿಯದಾದ ಹುಣಸೆಮರಕ್ಕೆ. ನಾಲ್ಕು ಜನ ಕೈ ಕೈ ಹಿಡಿದರೂ ಅದರ ಬೊಡ್ಡೆ ತಬ್ಬಲಾಗುವುದಿಲ್ಲ. ಆ ಅಂಕಿ ನೋಡಿ ನನಗೆ ನಾಚಿಕೆಯಾಯಿತು. ನಡವಳಿಯಲ್ಲಿ ನಾಚಿಕೆಗೆ ಕಾಲಂ ಇಲ್ಲವಾದ್ದರಿಂದ ಬರೆಯಲಿಲ್ಲ.

ಶನಿವಾರ ಹುಲುಗಮ್ಮ ಬ್ರೂಸ್‌ಪೇಟೆಯ ಮೆಟ್ಟಿಲು ಹತ್ತಿ ಸಭೆಗೇ ಬಂದಳು. ಬಾಗಿಲಲ್ಲಿ ಕಾಲಿಡುತ್ತಲೇ ಮೆಣಸಿನ ಘಾಟಿಗೆ ಜೋರಾಗಿ ಸೀನಿದಳು. ನಿಯಮದ ಪ್ರಕಾರ ಮರ ಕಡಿಯುವುದಕ್ಕೆ ಆಕೆಯ ಒಪ್ಪಿಗೆ ಬಂದಂತಾಯಿತು. ಈ ಕೋಶದ ಸೇವೆಯಲ್ಲಿ ಅದೊಂದು ಸೀನನ್ನು ಮಾತ್ರ ನಾನು ಬರೆದುಕೊಳ್ಳಲಿಲ್ಲ.

“ಸಾಹೇಬ್ರ, ಆ ಹುಣಸಿ ಗಿಡದ ಟೊಂಗಿಗೆ ನಮ್ಮವ್ವ ಜೋಳಿಗಿ ಕಟ್ಟಿ ನನ್ನ ಬೆಳೆಸ್ಯಾಳ,” ಎಂದಳು. “ಅದು ಬಿದ್ರ ನನ್ನ ಎದಿ ಒಡೀತೈತಿ.”

“ನಮಗೂ ಕೆಟ್ಟ ಅನಸ್ತೈತಮ್ಮ,” ಎಂದರು ಸಂಕರ್ಷಣ. “ಆದ್ರ ಹದಿಮೂರು ಸಾಯಲಿಲ್ಲಾಂದ್ರ ಅಡವಿ ಉಳಿಯಂಗಿಲ್ಲ. ಕಾಗದದಾಗ ಸತ್ತಾವು ಅಂತ ತೋರಿಸಬೇಕು ನಾವು.”

“ಕಾಗದದಾಗೇನ್ರಿ?”

“ಹೌದು. ಕಾಗದದಾಗ.”

ಹುಲುಗಮ್ಮ ಸೊಂಟದ ಸಂಚಿಯಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. “ಹಂಗಾದ್ರ ಗರಗಸ ಯಾಕ ಬೇಕ್ರಿ? ನಾನು ಸತ್ತು ಮೂರು ವರ್ಷ ಆತು. ನೋಡ್ರಿ, ಈ ಮರಣಪತ್ರ ಕೊಟ್ಟು ಮುದುಕರ ಪಿಂಚಣಿ ನಿಲ್ಲಿಸ್ಯಾರ. ಜೀವಂತ ಅದೀನಿ ಅಂತ ಹೇಳಾಕ ಮೂರು ಸಲ ಹೋದ್ನಿ. ‘ಕಾಗದದಾಗ ಸತ್ತೀಯಮ್ಮ, ಇನ್ನ ಯಾರೂ ಏನೂ ಮಾಡಾಕ ಬರಂಗಿಲ್ಲ’ ಅಂದ್ರು. ನನಗ ಯಾರೂ ಕೊಡಲಿ ಹಾಕಿಲ್ಲರಿ. ನನ್ನ ಕೊಂದಂಗ ಅವನ್ನೂ ಕೊಂದುಬಿಡ್ರಿ.”

ಸಂಕರ್ಷಣ ಅವರು ಕನ್ನಡಕ ಏರಿಸಿ ಕಾಗದವನ್ನು ಎರಡು ಸಲ ಓದಿದರು. ಮುಂದೆ ಒಂದು ಮುದುಕಿ ನಿಂತೇ ಇದ್ದಾಳೆಂಬುದು ಅವರಿಗೆ ಹೊಳೆಯಲಿಲ್ಲ.

“ನಮೂನೆ ಭೇಷ್ ಐತಿ,” ಎಂದರು. “ಇದನ್ನೇ ಇಟ್ಕೊಳ್ಳೋಣ.”

“ಅಲ್ರಿ, ನನ್ನ ಮಿಷನ್ನು?” ಎಂದು, ಸಭೆಗೆ ಬಂದು ಮೂಲೆಯಲ್ಲಿ ಕೂತಿದ್ದ ದೊಡ್ಡಬಸವರಾಜ ಎದ್ದು ನಿಂತ. “ಸಿರುಗುಪ್ಪದಿಂದ ಹೊಂಟೈತಿ.”

“ಕಾಮಗಾರಿ ಏನಿತ್ತಪ? ಮೃತ ಸ್ಥಿತಿಗೆ ತರೋದು. ತಂದಾತು. ನಿನ್ನ ಬಿಲ್ ಪೂರಾ ಪಾಸ್ ಮಾಡ್ತೀವಿ.”

ದೊಡ್ಡಬಸವರಾಜ ಒಂದು ಗಳಿಗೆ ಯೋಚಿಸಿ, ಮರಗಳು ನಮ್ಮ ಹೆತ್ತ ತಾಯಿಯಿದ್ದಂತೆ, ಅವಕ್ಕೆ ಗರಗಸ ಹಚ್ಚುವುದು ತನಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದಿಬ್ಬರು ಸೀನಿದರು.

ಹದಿಮೂರು ಮರಣ ಪ್ರಮಾಣಪತ್ರಗಳನ್ನು ನನ್ನ ಕೈಯಾರೆ ಬರೆದೆ. ಸಾವಿನ ಕಾರಣ, ವಯೋಸಹಜ. ಮೃತರ ತಂದೆಯ ಹೆಸರಿನ ಕಾಲಂ ಬಿಡುವಂತಿರಲಿಲ್ಲ. ಹುಲುಗಮ್ಮನನ್ನು ಕೇಳಿದರೆ, “ಹಕ್ಕಿ ಹಾಕಿದ ಬೀಜ ಅಂತ ಬರಕೋರಿ,” ಎಂದಳು. ಹುಣಸೆಯ ತಂದೆ ಕೋತಿಯಿರಬಹುದು ಎಂದು ಆಕೆಯೇ ತಿದ್ದಿದ್ದರಿಂದ ಅದಕ್ಕೊಂದಕ್ಕೆ ಹಾಗೆ ನಮೂದಿಸಲಾಗಿದೆ.

ಸುದ್ದಿ ಹಬ್ಬಿತು. ಬದುಕಿರುವ ಮರವನ್ನು ಅನುಮತಿ ಪಡೆದು ಕಡಿಯಬಹುದು, ನಾಲ್ಕನೆಯ ತತ್ವದ ಪ್ರಕಾರ ಸತ್ತ ಮರವನ್ನು ಯಾರಪ್ಪನೂ ಮುಟ್ಟುವಂತಿಲ್ಲ ಎಂಬುದು ಜನಕ್ಕೆ ಅರ್ಥವಾಯಿತು. ರಸ್ತೆ ಅಗಲವಾಗುತ್ತದೆಂದು ಅಂಜಿದ್ದ ಸಿರುಗುಪ್ಪದ ಕಡೆಯವರು ದಾರಿಬದಿಯ ತಮ್ಮ ಬೇವು, ಆಲಗಳನ್ನು ಸಾಯಿಸಿಕೊಡಿರೆಂದು ಅರ್ಜಿ ಹಿಡಿದು ನಮ್ಮ ಮೆಟ್ಟಿಲ ಮೇಲೆ ಸಾಲುಗಟ್ಟಿದರು. ನಮ್ಮ ಕೋಶ ಅಷ್ಟು ಜನಪ್ರಿಯವಾದದ್ದು ಅದೇ ಮೊದಲು.

ಏಪ್ರಿಲ್ ಕೊನೆಗೆ ರಾಜಧಾನಿಯಿಂದ ಪರಿವೀಕ್ಷಕಿ ಶ್ರೀಕೃತಿ ಅವರು ಬಂದರು. ಇದೇ ಊರ ಮಗಳು, ಕಟ್ಟುನಿಟ್ಟಿನವರೆಂದು ಹೆಸರು. ಒಂದೊಂದೇ ಮರದ ಮುಂದೆ ನಿಂತು ಪ್ರಮಾಣಪತ್ರವನ್ನೂ ಅಂಕಿಯನ್ನೂ ತಾಳೆ ನೋಡಿದರು. ಹನ್ನೆರಡು ಮುಗಿದು ಹದಿಮೂರರ ಬಳಿ ಬರುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಹುಣಸೆಯ ಕೆಳಗೆ ಕುರ್ಚಿ ಹಾಕಿದೆವು. ಹುಲುಗಮ್ಮ ರೊಟ್ಟಿ ಬಡಿಸಿ, ಚಿಗುರುಬೇಳೆ ಸುರಿದಳು.

ಶ್ರೀಕೃತಿ ಒಂದು ತುತ್ತು ತಿಂದು ಕೈ ತಡೆದರು. “ಇಷ್ಟು ಎಳೇ ಹುಣಸಿ ಚಿಗುರು ಎಲ್ಲಿ ಸಿಕ್ತಮ್ಮ?”

ಹುಲುಗಮ್ಮ ಸುಳ್ಳು ಹೇಳಿ ಗೊತ್ತಿಲ್ಲದವಳು. ಸುಮ್ಮನೆ ಮೇಲೆ ನೋಡಿದಳು. ಪರಿವೀಕ್ಷಕಿಯೂ ಮೇಲೆ ನೋಡಿದರು. ಟೊಂಗೆ ಟೊಂಗೆಗೂ ಎಳೆ ಹಸಿರು ಕಿಕ್ಕಿರಿದಿತ್ತು. ಎರಡು ಅಳಿಲುಗಳು ಜಗಳಾಡುತ್ತಿದ್ದವು. ಸಂಕರ್ಷಣ ಅವರು ಕಣ್ಣು ಮುಚ್ಚಿಕೊಂಡರು.

ಬಿಸಿಲು ಸರಿದು ಕಾಲಿಗೆ ಬಿದ್ದಾಗ ಶ್ರೀಕೃತಿ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡು ನನ್ನತ್ತ ತಿರುಗಿದರು.

“ಬರಕೋರಿ,” ಎಂದರು. “ಮರ ಸಂಖ್ಯೆ ಹದಿಮೂರು. ಜೀವದ ಲಕ್ಷಣಗಳು ಕಂಡುಬಂದಿಲ್ಲ.”

ಆಮೇಲೆ ತಟ್ಟೆ ಮುಂದೆ ಹಿಡಿದು, “ಇನ್ನೊಂದೀಟು ಚಿಗುರು ಹಾಕವ್ವ,” ಎಂದರು. ಎರಡನ್ನೂ ನಡವಳಿಯಲ್ಲಿ ಒಂದರ ಕೆಳಗೊಂದು ಬರೆದುಕೊಂಡು ಸಭೆಗೆ ಓದಿ ಹೇಳಿದೆ. ಯಾರ ಆಕ್ಷೇಪಣೆಯೂ ಇರಲಿಲ್ಲ.